ಮೆಸೇಜ್ ಬಾಕ್ಸ್ ಬೇಕಾದ ಹಾಗೆ ಕಾಣುತ್ತಿಲ್ಲವೇ? ಲಕ್ಷಣ ಹಿಡಿದು ತಪ್ಪು ಹುಡುಕೋಣ

ಸ್ಕ್ರಿಪ್ಟ್ ಓಡುತ್ತಿದೆ, ಕೆಲಸವೂ ಆಗುತ್ತಿದೆ. ನಡುವೆ ಬರುವ ಆ ಪುಟ್ಟ ಮೆಸೇಜ್ ಬಾಕ್ಸ್ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಹಾಕಿದ ಐಕಾನ್ ಒಂದು, ಬಂದದ್ದು ಇನ್ನೊಂದು. ಕನ್ನಡದಲ್ಲಿ ಬರೆದದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿದೆ. ಅಕ್ಷರ ದೊಡ್ಡದು ಮಾಡೋಣವೆಂದರೆ ಅದಕ್ಕೆ ಆಪ್ಷನ್ನೇ ಸಿಗುವುದಿಲ್ಲ.

ಇಂಥ ತೊಂದರೆಗಳಲ್ಲಿ ಮುಕ್ಕಾಲು ಪಾಲು ಒಂದು ಸಂಗತಿ ಗೊತ್ತಿದ್ದರೆ ಅರ್ಧ ಬಗೆಹರಿದಂತೆ. ಆ ಬಾಕ್ಸ್ ಅನ್ನು ಚಿತ್ರಿಸುವುದು ವಿಂಡೋಸ್. ನಿಮ್ಮ ಸ್ಕ್ರಿಪ್ಟ್ ಅದರ ಕೈಗೆ ಕೊಡುವುದು ಒಂದು ಸಂಖ್ಯೆ, ಒಂದು ಶೀರ್ಷಿಕೆ ಮತ್ತು ಒಂದಿಷ್ಟು ಬರಹ, ಅಷ್ಟೇ. ಆ ಸಂಖ್ಯೆಯಿಂದ ಆಗುವ ಬದಲಾವಣೆಗಳಿವೆ: ಬಟನ್‌ಗಳು, ಐಕಾನ್, ಎಂಟರ್ ಒತ್ತಿದರೆ ಯಾವ ಬಟನ್, ಎಲ್ಲದರ ಮೇಲೆ ನಿಲ್ಲಬೇಕೇ ಎಂಬುದು. ಫಾಂಟ್, ಬಣ್ಣ, ಅಗಲ, ಬಟನ್ ಹೆಸರು ಇವೆಲ್ಲ ಆ ಸಂಖ್ಯೆಯ ಕೈಗೆ ಎಟುಕದವು. ಹಾಗಾಗಿ ನಿಮ್ಮ ತೊಂದರೆ ಯಾವ ಗುಂಪಿನದು ಎಂದು ಮೊದಲು ನೋಡಿ. ಎರಡನೇ ಗುಂಪಿನದಾದರೆ ಬಾಕ್ಸ್ ಜೊತೆ ಗುದ್ದಾಡುವುದು ಸುಮ್ನೆ ಸಮಯ ಹಾಳು.

ಇಲ್ಲಿ ಮುಖ್ಯವಾಗಿ ಆಟೋಹಾಟ್‌ಕೀ ಬಗ್ಗೆ ಬರೆದಿದ್ದೇನೆ, ಅಂದರೆ ವಿಂಡೋಸಿನಲ್ಲಿ ಕೆಲಸಗಳನ್ನು ತಾನಾಗಿ ಮಾಡಿಸುವ ಸ್ಕ್ರಿಪ್ಟ್ ಭಾಷೆ. ಆಟೋಇಟ್, ವಿಬಿಸ್ಕ್ರಿಪ್ಟ್, ಪವರ್‌ಶೆಲ್ ಬಳಸುವವರಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ, ಯಾಕೆಂದರೆ ಎಲ್ಲವೂ ಕೊನೆಗೆ ಕರೆಯುವುದು ವಿಂಡೋಸಿನ ಅದೇ ಬಾಕ್ಸ್ ಅನ್ನು. ಕೋಡ್‌ನ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಸ್ಕ್ರಿಪ್ಟಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

## ಏನನ್ನೂ ತಿದ್ದುವ ಮುಂಚೆ

ಸ್ಕ್ರಿಪ್ಟ್‌ನ ಒಂದು ಕಾಪಿ ಮಾಡಿಕೊಂಡು ಅದರಲ್ಲೇ ಪರೀಕ್ಷೆ ಮಾಡಿ. ಬಾಕ್ಸ್‌ನಲ್ಲಿ "ಯೆಸ್" ಒತ್ತಿದರೆ ಫೈಲ್ ಅಳಿಸುವ, ಮೇಲ್ ಕಳಿಸುವ, ಕಂಪ್ಯೂಟರ್ ಆಫ್ ಮಾಡುವ ಸಾಲುಗಳಿದ್ದರೆ ಅವನ್ನು ಸದ್ಯಕ್ಕೆ ಕಾಮೆಂಟ್ ಮಾಡಿಬಿಡಿ, ಅಂದರೆ ಓಡದಂತೆ ಗುರುತು ಹಾಕಿಡಿ. ಬಾಕ್ಸ್‌ನ ಅಂದ ನೋಡಲು ಹೋಗಿ ಹತ್ತಾರು ಸಲ ಬಟನ್ ಒತ್ತುತ್ತೀರಿ. ಅದರಲ್ಲಿ ಒಂದು ಸಲ ತಪ್ಪು ಬಟನ್ ಒತ್ತುವುದು ಗ್ಯಾರಂಟಿ.

ಆಮೇಲೆ ಆಟೋಹಾಟ್‌ಕೀಯ ಆವೃತ್ತಿ ಯಾವುದೆಂದು ನೋಡಿ. 2022ರ ಡಿಸೆಂಬರ್‌ನಲ್ಲಿ 2.0 ಬಂತು. ಅದಕ್ಕೂ ಹಿಂದಿನ 1.1ಕ್ಕೂ ಬಾಕ್ಸ್ ತೋರಿಸುವ ಎಂಎಸ್‌ಜಿಬಾಕ್ಸ್ ಕಮಾಂಡ್ ಬರೆಯುವ ರೀತಿಯೇ ಬೇರೆ. ಅಂತರ್ಜಾಲದಲ್ಲಿ ಸಿಗುವ ಹಳೇ ಉದಾಹರಣೆಗಳಲ್ಲಿ ಜಾಸ್ತಿ 1.1ರವು. ಹೊಸದಾಗಿ ಇನ್‌ಸ್ಟಾಲ್ ಮಾಡಿದವರ ಹತ್ತಿರ ಇರುವುದು 2.0. ಗೊಂದಲ ಹುಟ್ಟುವುದೇ ಇಲ್ಲಿ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ "#ರಿಕ್ವೈರ್ಸ್ ಆಟೋಹಾಟ್‌ಕೀ ವಿ2.0" ಎಂದು ಬರೆದುಬಿಡಿ. ತಪ್ಪು ಆವೃತ್ತಿಯಲ್ಲಿ ಓಡಿಸಿದರೆ ಬಾಕ್ಸ್ ವಿಚಿತ್ರವಾಗಿ ಕಾಣುವುದಿಲ್ಲ, ನೇರವಾಗಿ ಎರರ್ ಬರುತ್ತದೆ. ಅದೇ ಒಳ್ಳೆಯದು.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲದ ಉಪಾಯ. ಬಾಕ್ಸ್ ತೆರೆದಿರುವಾಗ ಅದರ ಮೇಲೆ ಫೋಕಸ್ ಇಟ್ಟು ಕಂಟ್ರೋಲ್ ಮತ್ತು ಸಿ ಒತ್ತಿ. ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಡ್ಡಗೆರೆಗಳ ನಡುವೆ ಶೀರ್ಷಿಕೆ, ಅದರ ಕೆಳಗೆ ಸಂದೇಶ, ಕೊನೆಗೆ ಬಟನ್‌ಗಳ ಹೆಸರು, ಎಲ್ಲವೂ ಬರುತ್ತವೆ. ಈಗ ಹೋಲಿಸಿ. ಪೇಸ್ಟ್ ಆದ ಬರಹವೇ ತಪ್ಪಾಗಿದ್ದರೆ ದೋಷ ಸ್ಕ್ರಿಪ್ಟ್‌ನಲ್ಲಿದೆ. ಪೇಸ್ಟ್‌ನಲ್ಲಿ ಸರಿಯಿದ್ದು ಬಾಕ್ಸ್‌ನಲ್ಲಿ ಮಾತ್ರ ಕೆಟ್ಟದಾಗಿ ಕಂಡರೆ ಅದು ಫಾಂಟ್ ಅಥವಾ ಡಿಸ್‌ಪ್ಲೇ ವಿಚಾರ. ಒಂದು ಪೈಸೆ ಖರ್ಚಿಲ್ಲದೆ ಹುಡುಕಾಟ ಅರ್ಧಕ್ಕೆ ಇಳಿಯಿತಲ್ವಾ?

## ಶೀರ್ಷಿಕೆ, ಸಂದೇಶ ಅದಲುಬದಲಾಗಿದೆ, ಅಥವಾ ಇಡೀ ಸಾಲೇ ಬಾಕ್ಸ್‌ನಲ್ಲಿ ಬಂದಿದೆ

ಕಾರಣ ಬಹುತೇಕ ಒಂದೇ: ಕೊಡುವ ಕ್ರಮ ತಪ್ಪಿದೆ.

ಆಟೋಹಾಟ್‌ಕೀ 1.1ರಲ್ಲಿ ಕ್ರಮ ಹೀಗೆ: ಆಪ್ಷನ್ ಸಂಖ್ಯೆ, ಶೀರ್ಷಿಕೆ, ಸಂದೇಶ, ಎಷ್ಟು ಸೆಕೆಂಡಿಗೆ ಮುಚ್ಚಬೇಕು. 2.0ರಲ್ಲಿ ಸಂದೇಶ ಮೊದಲು, ಆಮೇಲೆ ಶೀರ್ಷಿಕೆ, ಕೊನೆಗೆ ಆಪ್ಷನ್. ಆಟೋಇಟ್‌ನಲ್ಲಿ ಹಳೇ ಆಟೋಹಾಟ್‌ಕೀ ಹಾಗೆಯೇ ಸಂಖ್ಯೆ, ಶೀರ್ಷಿಕೆ, ಸಂದೇಶ. ವಿಬಿಸ್ಕ್ರಿಪ್ಟ್‌ನಲ್ಲಿ ಸಂದೇಶ, ಸಂಖ್ಯೆ, ಶೀರ್ಷಿಕೆ. ನಾಲ್ಕರಲ್ಲಿ ಮೂರು ಬಗೆ. ಬಾಯಿಪಾಠ ಮಾಡುವ ಗೋಜಿಗೆ ಹೋಗಬೇಡಿ, ಬರೆಯುವಾಗ ಹೆಲ್ಪ್ ಫೈಲ್ ತೆರೆದಿಡಿ.

2.0ರಲ್ಲಿ ಬಾಕ್ಸ್ ಒಳಗೆ ಬರೀ "4" ಕಂಡರೆ, ಅಥವಾ ಆಪ್ಷನ್ ಸರಿಯಿಲ್ಲ ಎಂಬ ಎರರ್ ಬಂದರೆ, ಹಳೇ ಕ್ರಮದಲ್ಲಿ ಬರೆದಿದ್ದೀರಿ ಎಂದೇ ಅರ್ಥ. ಕಮಾಂಡ್ ಹೆಸರಿನ ಪಕ್ಕದಲ್ಲೇ ಅಲ್ಪವಿರಾಮ ಹಾಕಿದ್ದರೆ 2.0 ಬಾಕ್ಸ್ ತೋರಿಸುವುದೇ ಇಲ್ಲ, ಸ್ಕ್ರಿಪ್ಟ್ ಲೋಡ್ ಆಗುವಾಗಲೇ ತಕರಾರು ತೆಗೆಯುತ್ತದೆ.

1.1ರಲ್ಲಿ ಲಕ್ಷಣ ಬೇರೆ. ಈ ಸಾಲು ನೋಡಿ:

ಎಂಎಸ್‌ಜಿಬಾಕ್ಸ್, 4+32, ಖಚಿತಪಡಿಸಿ, ಫೈಲ್ ಅಳಿಸಲೇ?

ನೋಡಲು ಸರಿಯಾಗಿಯೇ ಇದೆ. ಓಡಿಸಿದರೆ "4+32, ಖಚಿತಪಡಿಸಿ, ಫೈಲ್ ಅಳಿಸಲೇ?" ಎಂಬ ಇಡೀ ಬರಹ ಸಂದೇಶವಾಗಿ ಬರುತ್ತದೆ, ಕೆಳಗೆ ಒಂದೇ ಒಂದು ಓಕೆ ಬಟನ್. 1.1ಕ್ಕೆ ಆ ಜಾಗದಲ್ಲಿ ಬೇಕಾದದ್ದು ನೇರ ಸಂಖ್ಯೆ. ಲೆಕ್ಕ ಬರೆದಿದ್ದರೆ ಅದು ಆಪ್ಷನ್ ಎಂದು ಗುರುತಿಸದೆ ಎಲ್ಲವನ್ನೂ ಸಂದೇಶ ಅಂದುಕೊಳ್ಳುತ್ತದೆ. 36 ಎಂದು ಬರೆಯಿರಿ, ಇಲ್ಲವೇ ಮುಂದೆ ಶೇಕಡಾ ಗುರುತು ಮತ್ತು ಒಂದು ಸ್ಪೇಸ್ ಹಾಕಿ ಅದನ್ನು ಎಕ್ಸ್‌ಪ್ರೆಶನ್ (ಲೆಕ್ಕ ಹಾಕಿಸುವ ಬರಹ) ಮಾಡಿ.

ಶೀರ್ಷಿಕೆಯಲ್ಲಿ ನಿಮ್ಮ ಸ್ಕ್ರಿಪ್ಟ್ ಫೈಲಿನ ಹೆಸರು ಕಾಣುತ್ತಿದೆಯೇ? ಅದು ದೋಷವಲ್ಲ. ಶೀರ್ಷಿಕೆ ಕೊಡದಿದ್ದಾಗ ಆಟೋಹಾಟ್‌ಕೀ ಫೈಲಿನ ಹೆಸರನ್ನೇ ಹಾಕುತ್ತದೆ.

## ಕೇಳಿದ ಐಕಾನ್ ಬಾರದೆ ಬೇರೆಯದೇ ಬಂದಿದೆ, ಬಟನ್‌ಗಳೂ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಂಖ್ಯೆಗಳ ಲೆಕ್ಕ ಒಮ್ಮೆ ತಲೆಗೆ ಹೋದರೆ ಮತ್ತೆ ಈ ತೊಂದರೆ ಬರುವುದಿಲ್ಲ.

ಬಟನ್‌ಗಳಿಗೆ 0ರಿಂದ 6: 0 ಎಂದರೆ ಓಕೆ ಮಾತ್ರ, 1 ಎಂದರೆ ಓಕೆ ಮತ್ತು ಕ್ಯಾನ್ಸಲ್, 2 ಎಂದರೆ ಅಬಾರ್ಟ್, ರಿಟ್ರೈ, ಇಗ್ನೋರ್, 3 ಎಂದರೆ ಯೆಸ್, ನೋ, ಕ್ಯಾನ್ಸಲ್, 4 ಎಂದರೆ ಯೆಸ್ ಮತ್ತು ನೋ, 5 ಎಂದರೆ ರಿಟ್ರೈ ಮತ್ತು ಕ್ಯಾನ್ಸಲ್, 6 ಎಂದರೆ ಕ್ಯಾನ್ಸಲ್, ಟ್ರೈ ಅಗೇನ್, ಕಂಟಿನ್ಯೂ. ಐಕಾನ್‌ಗಳಿಗೆ 16 (ಕೆಂಪು ಎರರ್), 32 (ಪ್ರಶ್ನೆ), 48 (ಹಳದಿ ಎಚ್ಚರಿಕೆ), 64 (ನೀಲಿ ಮಾಹಿತಿ). ಎರಡನೇ ಬಟನ್ ಡಿಫಾಲ್ಟ್ ಆಗಲು (ಎಂಟರ್ ಒತ್ತಿದರೆ ಅದೇ ಆಯ್ಕೆಯಾಗಲು) 256, ಮೂರನೆಯದಕ್ಕೆ 512. ಎಲ್ಲ ವಿಂಡೋಗಳ ಮೇಲೆ ನಿಲ್ಲಲು 4096 ಅಥವಾ 262144.

ನಿಯಮ ಒಂದೇ. ಒಂದು ಗುಂಪಿನಿಂದ ಒಂದೇ ಸಂಖ್ಯೆ ತೆಗೆದುಕೊಂಡು ಎಲ್ಲವನ್ನೂ ಕೂಡಿಸಿ. ಒಂದೇ ಗುಂಪಿನಿಂದ ಎರಡು ತೆಗೆದರೆ ಲೆಕ್ಕ ಕೆಡುತ್ತದೆ. ಎರರ್ ಐಕಾನ್ ಇರಲಿ, ಪ್ರಶ್ನೆಯೂ ಇರಲಿ ಎಂದು 16 ಮತ್ತು 32 ಕೂಡಿಸಿದರೆ 48. ಅಂದರೆ ಹಳದಿ ತ್ರಿಕೋನ ಬರುತ್ತದೆ. ನೀವು ಕೇಳದೇ ಇದ್ದದ್ದು! ಹಾಗೆಯೇ ಓಕೆ-ಕ್ಯಾನ್ಸಲ್‌ನ 1ಕ್ಕೆ ಯೆಸ್-ನೋದ 4 ಸೇರಿಸಿದರೆ 5. ಬಾಕ್ಸ್‌ನಲ್ಲಿ "ರಿಟ್ರೈ" ಮತ್ತು "ಕ್ಯಾನ್ಸಲ್" ನಿಂತಿರುತ್ತವೆ. ಎಲ್ಲಿಂದ ಬಂತಪ್ಪ ಈ ರಿಟ್ರೈ ಎಂದು ಸ್ಕ್ರಿಪ್ಟ್ ತುಂಬ ಹುಡುಕಿದರೂ ಆ ಪದ ಸಿಗುವುದಿಲ್ಲ.

ಯಾರೋ ಬರೆದ ಸ್ಕ್ರಿಪ್ಟ್‌ನಲ್ಲಿ 262452 ಎಂಬಂಥ ದೊಡ್ಡ ಸಂಖ್ಯೆ ಕಂಡರೆ ಹೆದರಬೇಡಿ. ದೊಡ್ಡದರಿಂದ ಕಳೆಯುತ್ತಾ ಬನ್ನಿ. 262144 ಕಳೆದರೆ 308 ಉಳಿಯಿತು, ಅಂದರೆ ಎಲ್ಲದರ ಮೇಲೆ ನಿಲ್ಲುತ್ತದೆ. 256 ಕಳೆದರೆ 52, ಎರಡನೇ ಬಟನ್ ಡಿಫಾಲ್ಟ್. 48 ಕಳೆದರೆ 4, ಎಚ್ಚರಿಕೆ ಐಕಾನ್. ಉಳಿದ 4 ಯೆಸ್-ನೋ. ಕಳೆಯುವಾಗ ಪಟ್ಟಿಯಲ್ಲಿಲ್ಲದ ಸಂಖ್ಯೆ ಉಳಿದರೆ ಎಲ್ಲೋ ತಪ್ಪು ಕೂಡಿಸಿದ್ದಾರೆ ಎಂದು ತಿಳಿಯಿರಿ.

2.0 ಬಳಸುವವರಿಗೆ ಈ ತಲೆನೋವು ಬೇಡವೇ ಬೇಡ. ಅಲ್ಲಿ "ಯೆಸ್‌ನೋ ಐಕಾನ್! ಡಿಫಾಲ್ಟ್2" ಎಂದು ಪದಗಳಲ್ಲೇ ಬರೆಯಬಹುದು. ಎಚ್ಚರಿಕೆಗೆ ಉದ್ಗಾರ ಚಿಹ್ನೆ, ಪ್ರಶ್ನೆಗೆ ಪ್ರಶ್ನಾರ್ಥಕ, ಎರರ್‌ಗೆ ಎಕ್ಸ್, ಮಾಹಿತಿಗೆ ಐ. ಆರು ತಿಂಗಳ ನಂತರ ನೀವೇ ಓದಿದರೂ ಅರ್ಥವಾಗುತ್ತದೆ.

ಒಂದು ಮಾತು: ಪ್ರಶ್ನೆಯ ಐಕಾನ್ ಬಳಸದಿರುವುದೇ ಲೇಸು ಎಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಅದು ಸಹಾಯದ ಗುರುತೋ ಪ್ರಶ್ನೆಯ ಗುರುತೋ ಎಂದು ಬಳಸುವವರಿಗೆ ಗೊಂದಲವಾಗುತ್ತದಂತೆ. ಏನನ್ನಾದರೂ ಅಳಿಸುವ ಮುಂಚೆ ಕೇಳುವ ಬಾಕ್ಸ್‌ಗೆ 48 ಹಾಕಿ, ಡಿಫಾಲ್ಟ್ ಅನ್ನು "ನೋ"ಗೆ ಸರಿಸಿ. ಇದರಲ್ಲಿ ರಾಜಿ ಬೇಡ.

## ವೇರಿಯಬಲ್‌ನ ಬೆಲೆಯ ಬದಲು ಹೆಸರು ಬರುತ್ತಿದೆ, ಸಾಲು ಮುರಿಯುತ್ತಿಲ್ಲ

2.0ರಲ್ಲಿ ವೇರಿಯಬಲ್ ಹೆಸರನ್ನು ಡಬಲ್ ಕೋಟ್ ಒಳಗೆ ಬರೆದರೆ ಹೆಸರೇ ಬರುತ್ತದೆ. ಕೋಟ್ ಮುಚ್ಚಿ, ಹೊರಗೆ ಬರೆಯಿರಿ. 1.1ರಲ್ಲಿ ತದ್ವಿರುದ್ಧ: ಎರಡು ಶೇಕಡಾ ಗುರುತುಗಳ ನಡುವೆ ಬರೆಯದಿದ್ದರೆ ಹೆಸರು ಬರುತ್ತದೆ.

ಸಂದೇಶದ ನಡುವೆ ಓರೆಗೆರೆ ಮತ್ತು ಎನ್ ಅಕ್ಷರ ಹಾಗೇ ಕಾಣುತ್ತಿದ್ದರೆ ಬೇರೆ ಭಾಷೆಯ ಅಭ್ಯಾಸ ಇಲ್ಲಿಗೆ ಬಂದಿದೆ. ಆಟೋಹಾಟ್‌ಕೀ ಮತ್ತು ಪವರ್‌ಶೆಲ್‌ನಲ್ಲಿ ಹೊಸ ಸಾಲಿಗೆ ಬ್ಯಾಕ್‌ಟಿಕ್ ಮತ್ತು ಎನ್. ಬ್ಯಾಕ್‌ಟಿಕ್ ಎಂದರೆ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ 1ರ ಎಡಕ್ಕಿರುವ ಆ ಸಣ್ಣ ಗುರುತು. ಪವರ್‌ಶೆಲ್‌ನಲ್ಲಿ ಸಿಂಗಲ್ ಕೋಟ್ ಒಳಗೆ ಇದೂ ನಡೆಯುವುದಿಲ್ಲ, ಡಬಲ್ ಕೋಟ್ ಬೇಕು.

1.1ರಲ್ಲಿ ಇನ್ನೊಂದು ಕುತಂತ್ರದ ದೋಷವಿದೆ. ಆಪ್ಷನ್ ಸಂಖ್ಯೆ, ಶೀರ್ಷಿಕೆ ಕೊಟ್ಟ ಮೇಲೆ ಸಂದೇಶ "ಉಳಿದ ಫೈಲ್‌ಗಳು, 10" ಎಂದಿದ್ದರೆ ಬಾಕ್ಸ್‌ನಲ್ಲಿ "ಉಳಿದ ಫೈಲ್‌ಗಳು" ಎಂದಷ್ಟೇ ಬರುತ್ತದೆ. ಹತ್ತು ಸೆಕೆಂಡಿಗೆ ಬಾಕ್ಸ್ ತಾನೇ ಮಾಯವಾಗುತ್ತದೆ. ಕೊನೆಯ ಅಲ್ಪವಿರಾಮದ ನಂತರದ ಸಂಖ್ಯೆಯನ್ನು ಅದು ಟೈಮ್‌ಔಟ್ ಎಂದು ಓದಿಕೊಂಡಿರುತ್ತದೆ. ಅಲ್ಪವಿರಾಮದ ಮುಂದೆ ಬ್ಯಾಕ್‌ಟಿಕ್ ಹಾಕಿದರೆ ಸರಿಹೋಗುತ್ತದೆ.

ಉದ್ದನೆಯ ಸಂದೇಶದ ಬಾಲ ಕತ್ತರಿಸಿದಂತಿದೆಯೇ? ವಿಬಿಸ್ಕ್ರಿಪ್ಟ್ ಮತ್ತು ಎಕ್ಸೆಲ್‌ನ ವಿಬಿಎಯಲ್ಲಿ ಸುಮಾರು 1024 ಅಕ್ಷರಗಳ ಮಿತಿ ಇದೆ. ಆಟೋಹಾಟ್‌ಕೀಯಲ್ಲಿ ಬಾಕ್ಸ್ ಬೆಳೆದು ಬೆಳೆದು ಬಟನ್‌ಗಳೇ ಸ್ಕ್ರೀನಿನ ಕೆಳಗೆ ಹೋಗಿಬಿಡಬಹುದು. ಆಗ ಎಂಟರ್ ಒತ್ತುವ ಮುಂಚೆ ಡಿಫಾಲ್ಟ್ ಬಟನ್ ಯಾವುದೆಂದು ಕೋಡ್‌ನಲ್ಲಿ ನೋಡಿಕೊಳ್ಳಿ. ಇಷ್ಟುದ್ದದ ಬರಹಕ್ಕೆ ಮೆಸೇಜ್ ಬಾಕ್ಸ್ ಸರಿಯಾದ ಜಾಗವೇ ಅಲ್ಲ.

## ಕನ್ನಡ ಅಕ್ಷರಗಳು ಕೆಟ್ಟಿವೆ

ಹೇಗೆ ಕೆಟ್ಟಿವೆ ಎಂಬುದರಲ್ಲೇ ಕಾರಣವೂ ಇದೆ. ಮೂರು ಬಗೆ.

ವಿಚಿತ್ರ ಲ್ಯಾಟಿನ್ ಅಕ್ಷರಗಳ ಗಜಿಬಿಜಿ. ಹತ್ತಿರದಿಂದ ನೋಡಿ. ತಲೆಯ ಮೇಲೆ ಓರೆಗೆರೆ ಇರುವ ಸಣ್ಣ "ಎ", ಅದರ ಪಕ್ಕ ಮೇಲಕ್ಕೆ ಅಂಟಿದ ಪುಟ್ಟ 2 ಅಥವಾ 3, ಆಮೇಲೆ ಏನೋ ಒಂದು ಗುರುತು. ಇದೇ ಮತ್ತೆ ಮತ್ತೆ ಬರುತ್ತಿರುತ್ತದೆ. ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಉಳಿಸುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಬೈಟ್. ಫೈಲ್ ಅನ್ನು ಹಳೇ ಆನ್ಸಿ ಎನ್‌ಕೋಡಿಂಗ್ ಎಂದು ಓದಿದಾಗ ಒಂದೊಂದು ಬೈಟ್ ಒಂದೊಂದು ಅಕ್ಷರವಾಗಿ ಒಡೆದುಹೋಗುತ್ತದೆ. ನಿಮ್ಮ ಬರಹ ಸುರಕ್ಷಿತವಾಗಿದೆ, ಓದುವ ರೀತಿ ತಪ್ಪಿದೆ ಅಷ್ಟೇ. ಆಟೋಹಾಟ್‌ಕೀ 1.1ಕ್ಕೆ ಫೈಲ್ ಅನ್ನು "ಯುಟಿಎಫ್-8 ವಿತ್ ಬಿಒಎಂ" ಎಂದು ಸೇವ್ ಮಾಡಿ. ಬಿಒಎಂ ಎಂದರೆ ಎನ್‌ಕೋಡಿಂಗ್ ಯಾವುದೆಂದು ತಿಳಿಸಲು ಫೈಲಿನ ಮೊದಲಲ್ಲಿ ಇರುವ ಗುರುತು. ನೋಟ್‌ಪ್ಯಾಡ್‌ನ ಸೇವ್ ಆ್ಯಸ್ ಕಿಟಕಿಯಲ್ಲೇ ಆ ಆಯ್ಕೆ ಇದೆ. 2.0 ಬಿಒಎಂ ಇಲ್ಲದಿದ್ದರೂ ಯುಟಿಎಫ್-8 ಎಂದೇ ಓದುತ್ತದೆ. ಪವರ್‌ಶೆಲ್ 5.1ಕ್ಕೂ ಬಿಒಎಂ ಬೇಕು, 7ಕ್ಕೆ ಬೇಡ. ವಿಬಿಸ್ಕ್ರಿಪ್ಟ್‌ನದು ಬೇರೆ ರಾಗ: ಅದಕ್ಕೆ ಬೇಕಾದದ್ದು ಯುಟಿಎಫ್-16. ಬಿಒಎಂ ಇರುವ ಯುಟಿಎಫ್-8 ಕೊಟ್ಟರೆ ಮೊದಲ ಸಾಲಲ್ಲೇ ಎರರ್.

ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಇದು ಹೆಚ್ಚು ಗಂಭೀರ. ಫೈಲ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಅಲ್ಲೂ ಪ್ರಶ್ನಾರ್ಥಕಗಳೇ ಇದ್ದರೆ ಆನ್ಸಿಯಲ್ಲಿ ಸೇವ್ ಆಗುವಾಗ ಅಕ್ಷರಗಳು ಕಳೆದುಹೋಗಿವೆ. ಎನ್‌ಕೋಡಿಂಗ್ ಬದಲಿಸಿದರೂ ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಫೈಲಿನಲ್ಲಿ ಸರಿಯಿದ್ದು ಬಾಕ್ಸ್‌ನಲ್ಲಿ ಮಾತ್ರ ಹೀಗಾದರೆ 1.1ರ ಆನ್ಸಿ ಬಿಲ್ಡ್ ಬಳಸುತ್ತಿದ್ದೀರಾ ನೋಡಿ, ಯೂನಿಕೋಡ್ ಬಿಲ್ಡ್‌ಗೆ ಬದಲಿಸಿ. ಎಕ್ಸೆಲ್ ವಿಬಿಎಯ ಎಡಿಟರ್‌ಗಂತೂ ಕನ್ನಡ ಹಿಡಿಸುವುದೇ ಇಲ್ಲ. ಅಲ್ಲಿನ ಮಾಮೂಲಿ ಮೆಸೇಜ್ ಬಾಕ್ಸ್‌ನಲ್ಲೂ ಕನ್ನಡ ಬರುವುದಿಲ್ಲ. ವಿಂಡೋಸಿನ ಯೂನಿಕೋಡ್ ಫಂಕ್ಷನ್ ಅನ್ನು ನೇರವಾಗಿ ಕರೆಯಬೇಕು, ಬರಹವನ್ನು ಶೀಟ್‌ನ ಸೆಲ್‌ನಿಂದ ತೆಗೆದುಕೊಳ್ಳಬೇಕು.

ಖಾಲಿ ಚೌಕಗಳು. ಬರಹ ಸರಿಯಿದೆ, ಫಾಂಟ್ ಇಲ್ಲ. ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ ಜೊತೆಗೇ ಬರುತ್ತದೆ. ಅದಕ್ಕೂ ಹಿಂದೆ ತುಂಗಾ ಇತ್ತು. ಇವುಗಳನ್ನು ಯಾರಾದರೂ ತೆಗೆದುಹಾಕಿದ್ದಾರಾ ಎಂದು ಫಾಂಟ್ಸ್ ಸೆಟ್ಟಿಂಗ್‌ನಲ್ಲಿ ನೋಡಿ.

## ಬಾಕ್ಸ್ ಬರುವುದೇ ಇಲ್ಲ, ಸ್ಕ್ರಿಪ್ಟ್ ನಿಂತುಬಿಟ್ಟಿದೆ

ಮೊದಲು ಆಲ್ಟ್-ಟ್ಯಾಬ್ ಒತ್ತಿ. ಎಷ್ಟೋ ಸಲ ಬಾಕ್ಸ್ ಇನ್ನೊಂದು ವಿಂಡೋದ ಹಿಂದೆ ತೆಪ್ಪಗೆ ಕೂತಿರುತ್ತದೆ. ಹಾಟ್‌ಕೀ (ಸ್ಕ್ರಿಪ್ಟಿನ ಕೆಲಸ ಶುರು ಮಾಡುವ ಕೀ) ಒತ್ತಿದರೂ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಮೂಲವೂ ಇದೇ ಇರಬಹುದು. ಹಿಂದಿನ ಸಲದ ಬಾಕ್ಸ್ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರೆ ಅದೇ ಹಾಟ್‌ಕೀ ಎರಡನೇ ಸಲ ಓಡುವುದಿಲ್ಲ. ಆಟೋಹಾಟ್‌ಕೀಯ ಮಾಮೂಲಿ ನಡವಳಿಕೆಯೇ ಹಾಗೆ.

ಪರಿಹಾರ ಸುಲಭ: ಆಪ್ಷನ್‌ಗೆ 262144 ಸೇರಿಸಿ. ನಿಮ್ಮದೇ ವಿಂಡೋ ಇದ್ದರೆ ಬಾಕ್ಸ್‌ಗೆ ಅದನ್ನು ಓನರ್ ಆಗಿ ಕೊಡುವುದು ಇನ್ನೂ ಚೆನ್ನ. ಆಗ ಬಾಕ್ಸ್ ಆ ವಿಂಡೋದ ಮೇಲೆಯೇ ಇರುತ್ತದೆ, ಬೇರೆ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಪ್ರತಿ ಬಾಕ್ಸ್ ಅನ್ನೂ ಎಲ್ಲದರ ಮೇಲೆ ನಿಲ್ಲಿಸುವ ಸ್ಕ್ರಿಪ್ಟ್ ಎರಡು ದಿನಕ್ಕೇ ಬೇಜಾರು ತರಿಸುತ್ತದೆ.

ಟಾಸ್ಕ್ ಶೆಡ್ಯೂಲರ್‌ನಿಂದ ಓಡುವ ಸ್ಕ್ರಿಪ್ಟ್ ಆದರೆ ಕತೆ ಬೇರೆ. "ಬಳಕೆದಾರರು ಲಾಗಿನ್ ಆಗಿದ್ದರೂ ಇಲ್ಲದಿದ್ದರೂ ಓಡಿಸು" ಎಂಬ ಆಯ್ಕೆ ಇದ್ದರೆ ಸ್ಕ್ರಿಪ್ಟ್ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಓಡುವುದಿಲ್ಲ. ವಿಸ್ಟಾ ಕಾಲದಿಂದಲೂ ಅಂಥ ಕೆಲಸಗಳ ಸೆಷನ್ ಪ್ರತ್ಯೇಕ. ಬಾಕ್ಸ್ ಅಲ್ಲಿ ತೆರೆದಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಓಕೆ ಒತ್ತುವುದಿಲ್ಲ, ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಲೇ ಇರುತ್ತದೆ. "ಲಾಗಿನ್ ಆಗಿದ್ದಾಗ ಮಾತ್ರ" ಎಂಬ ಆಯ್ಕೆಗೆ ಬದಲಿಸಿ, ಇಲ್ಲವೇ ಬಾಕ್ಸ್ ತೆಗೆದು ಲಾಗ್ ಫೈಲಿಗೆ ಬರೆಸಿ.

## ಮುಚ್ಚುವ ಬಟನ್ ಮಂಕಾಗಿದೆ, ಎಸ್ಕೇಪ್ ಒತ್ತಿದರೂ ಹೋಗುತ್ತಿಲ್ಲ

ಯೆಸ್-ನೋ ಬಾಕ್ಸ್ ಅಲ್ವಾ? ಅದು ಇರುವುದೇ ಹಾಗೆ. ಕ್ಯಾನ್ಸಲ್ ಇಲ್ಲದ ಕಡೆ ಮೂಲೆಯ ಗುಣಿಸು ಗುರುತಿಗೆ ಅರ್ಥವಿಲ್ಲ, ಹಾಗಾಗಿ ವಿಂಡೋಸ್ ಅದನ್ನು ಮುಚ್ಚಿಡುತ್ತದೆ. ತಪ್ಪಿಸಿಕೊಳ್ಳುವ ದಾರಿ ಬೇಕಿದ್ದರೆ 4ರ ಬದಲು 3 ಹಾಕಿ. ಆದರೆ ಕ್ಯಾನ್ಸಲ್ ಬಂದಾಗ ಏನು ಮಾಡಬೇಕೆಂದು ಕೋಡ್‌ನಲ್ಲೂ ಬರೆಯಬೇಕು. ಬರೀ ಓಕೆ ಇರುವ ಬಾಕ್ಸ್‌ನಲ್ಲಿ ಎಸ್ಕೇಪ್ ಒತ್ತಿದರೂ ಓಕೆ ಒತ್ತಿದಂತೆಯೇ.

ಟೈಮ್‌ಔಟ್ ಇಟ್ಟಿದ್ದರೆ ಒಂದು ಎಚ್ಚರಿಕೆ. ಸಮಯ ಮುಗಿದಾಗ ಬರುವ ಉತ್ತರ "ಟೈಮ್‌ಔಟ್" ಎಂದೇ ಇರುತ್ತದೆ. "ನೋ ಅಲ್ಲದಿದ್ದರೆ ಮುಂದುವರಿ" ಎಂದು ಕೋಡ್ ಬರೆದಿದ್ದರೆ ಯಾರೂ ಏನೂ ಒತ್ತದೆಯೇ ಕೆಲಸ ನಡೆದುಹೋಗುತ್ತದೆ. ಯಾವಾಗಲೂ "ಯೆಸ್ ಆದರೆ ಮಾತ್ರ" ಎಂದು ಬರೆಯಿರಿ.

## ಬಟನ್ ಹೆಸರು ಬದಲಾಗುತ್ತಿಲ್ಲ

"ಯೆಸ್" ಬದಲು "ಸೇರಿಸು", "ನೋ" ಬದಲು "ಅಳಿಸು" ಎಂದು ಬರಬೇಕು ಅನ್ನುವುದು ಎಲ್ಲರ ಆಸೆ. ನೇರ ಆಪ್ಷನ್ ಇಲ್ಲ. ಚಾಲ್ತಿಯಲ್ಲಿರುವ ಉಪಾಯವೆಂದರೆ ಒಂದು ಟೈಮರ್ ಇಟ್ಟು, ಬಾಕ್ಸ್ ತೆರೆದ ತಕ್ಷಣ ಅದನ್ನು ಶೀರ್ಷಿಕೆಯಿಂದ ಹುಡುಕಿ, ಬಟನ್1, ಬಟನ್2ರ ಬರಹ ಬದಲಿಸುವುದು. ಆಟೋಹಾಟ್‌ಕೀಯ ಹೆಲ್ಪ್ ಫೈಲ್‌ನಲ್ಲೇ ಇದರ ಉದಾಹರಣೆ ಇದೆ. ಕೆಲಸ ಮಾಡದಿದ್ದರೆ ಈ ಕ್ರಮದಲ್ಲಿ ನೋಡಿ.

ಟೈಮರ್ ಸಾಲು ಬಾಕ್ಸ್ ಸಾಲಿಗಿಂತ ಮೇಲಿದೆಯೇ? ಕೆಳಗಿದ್ದರೆ ಬಾಕ್ಸ್ ಮುಚ್ಚಿದ ಮೇಲಷ್ಟೇ ಟೈಮರ್ ಶುರು. ಶೀರ್ಷಿಕೆ ಎರಡೂ ಕಡೆ ಒಂದೇ ಇದೆಯೇ, ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಇಲ್ಲ ತಾನೇ? ಬಾಕ್ಸ್ ಸಿಕ್ಕುವ ಮುಂಚೆಯೇ ಟೈಮರ್ ಆಫ್ ಆಗುತ್ತಿಲ್ಲವೇ? ಹೆಸರಿನಲ್ಲಿ ಆ್ಯಂಪರ್ಸ್ಯಾಂಡ್ ಇದ್ದರೆ ಅದು ಮಾಯವಾಗಿ ಮುಂದಿನ ಅಕ್ಷರದ ಕೆಳಗೆ ಗೆರೆ ಬರುತ್ತದೆ. ಅದೇ ಗುರುತು ಬೇಕಿದ್ದರೆ ಎರಡು ಸಲ ಬರೆಯಿರಿ.

ಹೆಸರು ಬದಲಾಯಿತು, ಉತ್ತರ ಮಾತ್ರ ಬರುತ್ತಿಲ್ಲ ಎಂದರೆ ಕೋಡ್‌ನಲ್ಲಿ "ಸೇರಿಸು" ಎಂದು ಹೋಲಿಸುತ್ತಿದ್ದೀರಿ. ಬಟನ್ ಮೇಲೆ ಏನೇ ಬರೆದರೂ ಬಾಕ್ಸ್ ಕೊಡುವ ಉತ್ತರ ಈಗಲೂ "ಯೆಸ್" ಅಥವಾ "ನೋ". ಇನ್ನು ಬಟನ್‌ನ ಅಗಲ ಹೊಸ ಹೆಸರಿಗೆ ತಕ್ಕಂತೆ ಹಿಗ್ಗುವುದಿಲ್ಲ. ಕನ್ನಡದ ಎರಡು ಪದ ಹಾಕಿದರೆ ಅಂಚು ಕತ್ತರಿಸುತ್ತದೆ.

ಸುರಕ್ಷತೆಯ ಮಾತು. ಶೀರ್ಷಿಕೆ ಹೊಂದಿಸುವ ರಗಳೆ ಬೇಡವೆಂದು ಕೆಲವರು ವಿಂಡೋ ಸ್ಪೈ (ವಿಂಡೋಗಳ ವಿವರ ತೋರಿಸುವ ಆಟೋಹಾಟ್‌ಕೀಯ ಉಪಕರಣ) ತೋರಿಸುವ "#32770" ಎಂಬ ಕ್ಲಾಸ್ ಹೆಸರಿನಿಂದ ಹುಡುಕುತ್ತಾರೆ. ಹಾಗೆ ಮಾಡಬೇಡಿ. ವಿಂಡೋಸಿನ ಅಸಂಖ್ಯ ಡೈಲಾಗ್‌ಗಳಿಗೆ ಅದೇ ಕ್ಲಾಸ್. ನಿಮ್ಮ ಟೈಮರ್ ಇನ್ಯಾವುದೋ ಪ್ರೋಗ್ರಾಂನ "ಡಿಲೀಟ್ ಮಾಡಲೇ?" ಡೈಲಾಗ್‌ನ ಬಟನ್ ಹೆಸರನ್ನು ಬದಲಿಸಿ, ಎದುರಿಗಿರುವವರು ತಪ್ಪು ತಿಳಿದು ಒತ್ತಿಬಿಡಬಹುದು. ಹುಡುಕಾಟವನ್ನು ನಿಮ್ಮ ಸ್ಕ್ರಿಪ್ಟ್‌ನ ಪ್ರೋಸೆಸ್ ಐಡಿಗೆ (ಓಡುತ್ತಿರುವ ಪ್ರೋಗ್ರಾಂಗೆ ವಿಂಡೋಸ್ ಕೊಡುವ ಸಂಖ್ಯೆಗೆ) ಕಟ್ಟಿಹಾಕಿ. ಮೂರಕ್ಕಿಂತ ಜಾಸ್ತಿ ಬಟನ್, ಉದ್ದ ಹೆಸರು ಬೇಕೆಂದಾದರೆ ಈ ಉಪಾಯ ಬಿಟ್ಟು ಮುಂದಿನ ದಾರಿಗೆ ಹೋಗಿ.

## ಫಾಂಟ್, ಬಣ್ಣ ಬದಲಿಸಲು ಆಗುತ್ತಿಲ್ಲ

ಆಗುವುದಿಲ್ಲ. ಮಾಮೂಲಿ ಬಾಕ್ಸ್‌ಗೆ ಸಿಸ್ಟಂ ಫಾಂಟ್, ಸಿಸ್ಟಂ ಬಣ್ಣ. ಡಾರ್ಕ್ ಮೋಡ್ ಹಾಕಿದರೂ ಅದು ಬಿಳಿಯಾಗಿಯೇ ಉಳಿಯುತ್ತದೆ. ತೆರೆದ ಬಾಕ್ಸ್‌ಗೆ ಹೊರಗಿನಿಂದ ಫಾಂಟ್ ಕಳಿಸುವ ಕೋಡ್‌ಗಳು ಸಿಗುತ್ತವೆ. ಅಕ್ಷರ ದೊಡ್ಡದಾದರೂ ಬಾಕ್ಸ್ ದೊಡ್ಡದಾಗುವುದಿಲ್ಲ, ಬರಹ ಅರ್ಧಕ್ಕೆ ಕತ್ತರಿಸುತ್ತದೆ. ಐಕಾನ್ ಸೇರಿಸಿದ ದಿನ ಆ ಕೋಡ್ ಪೂರ್ತಿ ನಿಲ್ಲಲೂಬಹುದು, ಯಾಕೆಂದರೆ ಐಕಾನ್ ಇಲ್ಲದಾಗ ಬರಹದ ಹೆಸರು ಸ್ಟ್ಯಾಟಿಕ್1, ಐಕಾನ್ ಬಂದರೆ ಅದೇ ಸ್ಟ್ಯಾಟಿಕ್1 ಆಗಿ ಬರಹ ಸ್ಟ್ಯಾಟಿಕ್2ಕ್ಕೆ ಸರಿಯುತ್ತದೆ. ರಿಜಿಸ್ಟ್ರಿಯಲ್ಲಿ ಸಿಸ್ಟಂ ಫಾಂಟ್ ಬದಲಿಸುವ ಸಲಹೆ ಕಂಡರೆ ದೂರವಿರಿ. ಒಂದು ಬಾಕ್ಸ್‌ಗಾಗಿ ಇಡೀ ಕಂಪ್ಯೂಟರಿನ ಚಹರೆ ಬದಲಾಗುತ್ತದೆ.

ಸರಿಯಾದ ದಾರಿ ನಿಮ್ಮದೇ ಪುಟ್ಟ ವಿಂಡೋ, ಅಂದರೆ ಆಟೋಹಾಟ್‌ಕೀಯಲ್ಲಿ ಜಿಯುಐ ಎಂದು ಕರೆಯುವ, ನೀವೇ ಬರಹ, ಬಟನ್ ಜೋಡಿಸುವ ವಿಂಡೋ. ಹತ್ತು ಹದಿನೈದು ಸಾಲಿನ ಕೆಲಸ. ಅದರಲ್ಲೂ ಎಡವುವ ಜಾಗಗಳಿವೆ.

ಫಾಂಟ್ ಬದಲಾಗದಿದ್ದರೆ ಸಾಲುಗಳ ಕ್ರಮ ನೋಡಿ. ಸೆಟ್‌ಫಾಂಟ್ ಅನ್ವಯಿಸುವುದು ಅದರ ನಂತರ ಸೇರಿಸಿದ ಬರಹಕ್ಕೆ ಮಾತ್ರ. ಬಟನ್ ಮೇಲಿನ ಅಕ್ಷರದ ಬಣ್ಣವಂತೂ ಅದರಿಂದ ಬದಲಾಗುವುದೇ ಇಲ್ಲ. ಬರಹ ಒಂದೇ ಸಾಲಿನಲ್ಲಿ ಸ್ಕ್ರೀನ್ ದಾಟಿ ಓಡಿದರೆ ಅಗಲ ಕೊಟ್ಟಿಲ್ಲ, "ಡಬ್ಲ್ಯು400" ಎಂದು ಸೇರಿಸಿ. ಎತ್ತರ ಮಾತ್ರ ಕೊಡಬೇಡಿ. ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಕಟ್ಟಿಹಾಕಿದರೆ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಬಹುದು.

ಬಳಸುವವರು ಉತ್ತರ ಕೊಡುವ ಮುಂಚೆಯೇ ಮುಂದಿನ ಸಾಲುಗಳು ಓಡಿಹೋದವೇ? ಮೆಸೇಜ್ ಬಾಕ್ಸ್ ಕಾಯುತ್ತದೆ, ಜಿಯುಐ ಕಾಯುವುದಿಲ್ಲ. ಈ ಬದಲಾವಣೆ ಮಾಡುವಾಗ ಅತಿ ಅಪಾಯದ ಜಾಗ ಇದೇ. ಮೊದಲು "ಅಳಿಸಲೇ?" ಎಂದು ಕೇಳಿ ನಿಲ್ಲುತ್ತಿದ್ದ ಸ್ಕ್ರಿಪ್ಟ್ ಈಗ ಕೇಳುತ್ತಲೇ ಅಳಿಸಿರುತ್ತದೆ! ವಿಂಡೋ ತೋರಿಸಿದ ಮೇಲೆ ವಿನ್‌ವೇಟ್‌ಕ್ಲೋಸ್ ಹಾಕಿ, ಅಥವಾ ಮುಂದಿನ ಕೆಲಸವನ್ನೆಲ್ಲ ಬಟನ್‌ನ ಫಂಕ್ಷನ್ ಒಳಗೇ ಬರೆಯಿರಿ. ಎಸ್ಕೇಪ್‌ಗೆ ಮುಚ್ಚುವುದನ್ನೂ ನೀವೇ ಬರೆಯಬೇಕು.

ಉತ್ತರವೇ ಬೇಕಿಲ್ಲ, ಸುಮ್ನೆ "ಆಯಿತು" ಎಂದು ತಿಳಿಸಬೇಕು ಅಷ್ಟೇ ಎಂದರೆ ಜಿಯುಐ ಕೂಡ ಜಾಸ್ತಿಯಾಯಿತು. ಟೂಲ್‌ಟಿಪ್, ಅಂದರೆ ತೇಲುವ ಪುಟ್ಟ ಬರಹ, ಸಾಕು.

## ಬಾಕ್ಸ್ ಮಸುಕಾಗಿದೆ, ಅಥವಾ ಹಳೇ ಕಾಲದ್ದರ ಹಾಗಿದೆ

ಎರಡು ಮಾನಿಟರ್ ಇದ್ದು, ಒಂದರಲ್ಲಿ 100%, ಇನ್ನೊಂದರಲ್ಲಿ 150% ಸ್ಕೇಲಿಂಗ್ ಇದೆಯೇ? ಬಾಕ್ಸ್ ಅನ್ನು ಒಂದರಿಂದ ಇನ್ನೊಂದಕ್ಕೆ ಎಳೆದಾಗ ಮಸುಕಾದರೆ ಕಾರಣ ಅದೇ. ವಿಂಡೋಸ್ ಅದನ್ನು ಚಿತ್ರದ ಹಾಗೆ ಹಿಗ್ಗಿಸುತ್ತಿದೆ. ಸ್ಕೇಲಿಂಗ್ ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಬನ್ನಿ, ಅಷ್ಟಕ್ಕೇ ಹೋಗುವುದೂ ಉಂಟು.

ಪವರ್‌ಶೆಲ್ 5.1ರಲ್ಲಿ ಬಟನ್‌ಗಳು ಹಳೇ ವಿಂಡೋಸ್‌ನ ಬೂದು ಬಟನ್‌ಗಳಂತೆ ಕಂಡರೆ ಬಾಕ್ಸ್ ಕರೆಯುವ ಮುಂಚೆ ಎನೇಬಲ್‌ವಿಶುವಲ್‌ಸ್ಟೈಲ್ಸ್ ಕರೆದಿಲ್ಲ ಎಂದರ್ಥ. ಪೈಥಾನ್‌ನ ಟಿಕಿಂಟರ್‌ನಲ್ಲಿ ಬಾಕ್ಸ್ ಜೊತೆ ಒಂದು ಖಾಲಿ ವಿಂಡೋ ಕೂಡ ಬಂದರೆ ರೂಟ್ ವಿಂಡೋಗೆ ವಿತ್‌ಡ್ರಾ ಹೇಳಿ.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಬಾಕ್ಸ್ ಸರಿಹೋಗಲು ಅಡ್ಮಿನ್ ಆಗಿ ಓಡಿಸಿ, ಯುಎಸಿ (ದೊಡ್ಡ ಬದಲಾವಣೆಗೆ ಮುಂಚೆ ಅನುಮತಿ ಕೇಳುವ ವಿಂಡೋಸಿನ ಕಾವಲು) ಆಫ್ ಮಾಡಿ, ಆಂಟಿವೈರಸ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಬಾಕ್ಸ್‌ನ ಚಹರೆಗೂ ಇವಕ್ಕೂ ಸಂಬಂಧವಿಲ್ಲ. ಕೋಡ್ ಕೊಡದೆ ಬರೀ ಇಎಕ್ಸ್‌ಇ ಫೈಲ್ ಕೊಡುವ "ರೆಡಿಮೇಡ್ ಮೆಸೇಜ್ ಬಾಕ್ಸ್"ಗಳನ್ನೂ ಓಡಿಸಬೇಡಿ.

ನೀವು ತೆರೆಯದ, ಸ್ಕ್ರಿಪ್ಟ್ ನಿಲ್ಲಿಸಿದ ಮೇಲೂ ಬರುತ್ತಲೇ ಇರುವ ಬಾಕ್ಸ್ ಕಂಡರೆ ಅದು ನಿಮ್ಮ ಸ್ಕ್ರಿಪ್ಟ್‌ನದಲ್ಲ. ಏನನ್ನೂ ಒತ್ತದೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವ ಪ್ರೋಸೆಸ್ ಎಂದು ನೋಡಿ. ಆಫೀಸಿನ ಕಂಪ್ಯೂಟರ್ ಆದರೆ ಐಟಿಯವರಿಗೆ ಹೇಳಿ.

ಇಷ್ಟೆಲ್ಲ ನೋಡಿದ ಮೇಲೂ ಬಗೆಹರಿಯದಿದ್ದರೆ ಸ್ಕ್ರಿಪ್ಟ್‌ನಿಂದ ಆ ಬಾಕ್ಸ್‌ನ ಸಾಲನ್ನು ಮಾತ್ರ ತೆಗೆದು ಹೊಸ ಫೈಲಿಗೆ ಹಾಕಿ ಓಡಿಸಿ. ಅಲ್ಲಿ ಸರಿಯಾಗಿ ಬಂದರೆ ದೋಷ ಉಳಿದ ಕೋಡ್‌ನಲ್ಲಿದೆ. ಅಲ್ಲೂ ಕೆಟ್ಟರೆ ಆ ಎರಡು ಮೂರು ಸಾಲು, ಆಟೋಹಾಟ್‌ಕೀ ಮತ್ತು ವಿಂಡೋಸ್‌ನ ಆವೃತ್ತಿ, ಫೈಲಿನ ಎನ್‌ಕೋಡಿಂಗ್, ಕಂಟ್ರೋಲ್-ಸಿ ಮಾಡಿ ಸಿಕ್ಕ ಬರಹ ಮತ್ತು ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬಲ್ಲವರನ್ನು ಕೇಳಿ. ಕಳಿಸುವ ಮುಂಚೆ ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್, ಮೇಲ್ ವಿಳಾಸ, ಫೋಲ್ಡರ್ ಹೆಸರುಗಳಿದ್ದರೆ ಅಳಿಸಿ. ಸ್ಕ್ರೀನ್‌ಶಾಟ್‌ನಲ್ಲಿ ಬಾಕ್ಸ್‌ನ ಹಿಂದೆ ಏನು ಕಾಣುತ್ತಿದೆ ಎಂದೂ ಒಮ್ಮೆ ನೋಡಿಕೊಳ್ಳಿ.